ದಕ್ಷಿಣ ದೇಶಕ್ಕೆ ಬಂದ ಹಕ್ಕಿಗಳು

1955ನೆಯ ಇಸವಿಯ ಅಕ್ಟೋಬರ್ ತಿಂಗಳ ಒಂದು ಶನಿವಾರ, ಎಡಿನ್‌ಬರೋ ನಗರದ ದಕ್ಷಿಣಕ್ಕೆ ಗೋಡೆಯಂತೆ ಮಲಗಿರುವ ಪೆಂಟ್‌ಲ್ಯಾಂಡ್ ಗುಡ್ಡಸಾಲನ್ನು, ನಲವತ್ತು ವರ್ಷ ಕಾಲ ಆ ಗುಡ್ಡಗಳ ಬುಡದ ಒಂಟಿಮನೆಗಳಿಗೆ ಕಾಗದಪತ್ರ ಹಂಚಿ ನಿವೃತ್ತರಾಗಿದ್ದ ವೃದ್ಧರೊಬ್ಬರ ಜೊತೆಯಲ್ಲಿ, ಬೆಳಗಿನಿಂದ ಬೈಗಿನವರೆಗೆ ನಡೆದು ದಾಟಿದೆನು. ಅವರು ನಾನು ಬಾಡಿಗೆಗಿದ್ದ ಮನೆಯ ಒಡತಿಯ ಅಣ್ಣ. ಕೃಷಿಶಾಸ್ತ್ರ ಕಲಿಯಲೆಂದು ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟವೊಂದರಿಂದ ಹೊರಟು ಬಂದು, ಒಂದು ಚಳಿಗಾಲವನ್ನು ಹೇಗೋ ಕಳೆದು, ಎರಡನೆಯದು ಬಾಗಿಲಿಗೆ ಬಂದಿರುವುದನ್ನು ಕಂಡು ಕಂಗಾಲಾಗಿ ಒಲೆಯ ಮುಂದೆ ಕುಳಿತಿದ್ದ ನನ್ನನ್ನು ನೋಡಿ, ‘ಈ ಹುಡುಗನನ್ನು ಎಲ್ಲಿಯಾದರೂ ನಡೆಸಿಕೊಂಡು ಬಾ’ ಎಂದು ಆ ತಾಯಿ ಅಣ್ಣನಿಗೆ ಹೇಳಿದ್ದರಂತೆ. ಅವರಿಗೆ ನಡೆಯುವುದೆಂದರೆ ಹಕ್ಕಿ ನೋಡುವುದು, ಹಕ್ಕಿ ನೋಡುವುದೆಂದರೆ ನಡೆಯುವುದು. ಎರಡಕ್ಕೂ ಭೇದವನ್ನು ಅವರು ಬಲ್ಲವರಾಗಿರಲಿಲ್ಲ.

ಬಸ್ಸು ನಮ್ಮನ್ನು ಫ್ಲಾಟರ್‌ಸ್ಟೋನ್ ಎಂಬ ಸೇತುವೆಯ ಬಳಿ ಇಳಿಸಿ ಹೋಯಿತು. ಅಲ್ಲಿ ಗ್ಲೆನ್‌ಕೋರ್ಸ್ ಕಣಿವೆಯಿಂದ ಇಳಿದು ಬರುವ ಒಂದು ಹಳ್ಳ ಕಲ್ಲುಗಳ ನಡುವೆ ಸದ್ದು ಮಾಡುತ್ತ ಹರಿಯುತ್ತದೆ. ಹಳ್ಳವನ್ನು ನೋಡಿದರೆ ಅದರೊಳಗೆ ಕಾಲಿಡಬೇಕೆನ್ನಿಸುವ ಮಲೆನಾಡಿನ ಚಾಪಲ್ಯದಿಂದ ನಾನು ದಂಡೆಗೆ ಬಗ್ಗಿದ್ದೇ ತಡ, ನೀರಿನ ನಡುವಣ ಒಂದು ಕಲ್ಲಿನ ಮೇಲೆ, ಬೂದುಬಣ್ಣದ ಬೆನ್ನು, ಅರಿಸಿನ ತೊಡೆದಂತಹ ಹೊಟ್ಟೆ, ದೇಹಕ್ಕಿಂತ ತನ್ನದೇ ಉದ್ದ ಹೆಚ್ಚೆಂದು ಹೆಮ್ಮೆಪಡುವಂತಹ ಬಾಲ, ಆ ಬಾಲವನ್ನು ಕ್ಷಣಮಾತ್ರವೂ ಸುಮ್ಮನಿರಗೊಡದೆ ಮೇಲಕ್ಕೂ ಕೆಳಕ್ಕೂ ಕುಣಿಸುತ್ತ, ನಮ್ಮ ಮನೆಯ ಅಂಗಳದ ಕುಂಡೆಕುಸ್ಕ ನಿಂತಿತ್ತು!

ಶಿಷ್ಟರು ಅದನ್ನು ಬೂದು ಸಿಪಿಲೆ ಎನ್ನುತ್ತಾರೆ. ನಮ್ಮ ಸೀಮೆಯ ಜನ ಅಷ್ಟು ಮರ್ಯಾದೆ ಕೊಡದೆ, ಅದು ಮಾಡುವ ಕೆಲಸವನ್ನೇ ಹೆಸರಾಗಿಸಿ ಕರೆಯುತ್ತಾರೆ. ಮಳೆಗಾಲ ಹಿಂದೆಗೆದು, ತೋಟದ ಕಪ್ಪಿನಲ್ಲಿ ಇನ್ನೂ ನೀರು ನಿಂತಿರುವಾಗಲೇ, ನವರಾತ್ರಿಯ ಆಸುಪಾಸಿನಲ್ಲಿ ಒಂದು ಬೆಳಗ್ಗೆ ಅದು ಅಂಗಳದಲ್ಲಿ ಕಾಣಿಸಿಕೊಳ್ಳುವುದು. ನಮ್ಮ ಅಜ್ಜಿ ಅದನ್ನು ನೋಡಿ, ‘ಕುಂಡೆಕುಸ್ಕ ಬಂತು, ಇನ್ನು ಮಳೆ ಹೋಯಿತು, ಅಡಿಕೆ ಕೊಯ್ಲಿಗೆ ಆಳು ಹೇಳಿ’ ಎನ್ನುವಳು. ಅವಳ ಪಂಚಾಂಗದಲ್ಲಿ ಅದಕ್ಕೊಂದು ತಿಥಿಯ ಸ್ಥಾನವೇ ಇತ್ತು. ಅಂತಹ ಹಕ್ಕಿಯನ್ನು, ಐದು ಸಾವಿರ ಮೈಲಿ ದೂರದಲ್ಲಿ, ನನ್ನ ಒಂದು ಮಾತನ್ನಾಗಲಿ ಒಂದು ರುಚಿಯನ್ನಾಗಲಿ ಅರಿಯದ ಈ ದೇಶದಲ್ಲಿ, ಹೀಗೆ ನಿರಾಯಾಸವಾಗಿ ಕಲ್ಲಿನ ಮೇಲೆ ಕಂಡಾಗ ನನಗೆ ಉಂಟಾದ ಭಾವವನ್ನು ಹರ್ಷವೆನ್ನಲಾರೆ. ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಪರಿಚಿತವಾದ ಸೀರೆಯ ಸೆರಗನ್ನು ಕಂಡು ಓಡುವಾಗ ಅದಕ್ಕೆ ಏನೆನಿಸುವುದೋ ಅದು ನನಗೆ ಎನಿಸಿತು.

ನಾನು ವೃದ್ಧರಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ: ಇದು ನಮ್ಮ ಮನೆಗೆ ಬರುವ ಹಕ್ಕಿ, ಇನ್ನು ಕೆಲವು ದಿನಗಳಲ್ಲಿ ಇದು ಹೊರಟು ನಮ್ಮ ಅಂಗಳಕ್ಕೆ ಹೋಗುತ್ತದೆ, ಅಜ್ಜಿ ಇದನ್ನು ನೋಡುತ್ತಾಳೆ! ನಳನು ಹಂಸವನ್ನು ದಮಯಂತಿಯ ಬಳಿಗೆ ಕಳುಹಿಸಿದ ಕಥೆಯನ್ನು ಕನಕದಾಸರ ಕಾವ್ಯದಲ್ಲಿ ಬಾಲ್ಯದಿಂದ ಕೇಳುತ್ತ ಬೆಳೆದವನಿಗೆ ಅದರಲ್ಲಿ ಅಸಂಭವವಾದುದೇನೂ ಕಾಣಲಿಲ್ಲ. ಅವರು ದುರ್ಬೀನನ್ನು ಕಣ್ಣಿನಿಂದ ತೆಗೆದು, ಬಹಳ ಮೆಲ್ಲಗೆ, ಕೆಟ್ಟ ಸುದ್ದಿಯ ತಂತಿಯನ್ನು ಮನೆಬಾಗಿಲಿಗೆ ಒಯ್ದು ಕೊಟ್ಟು ಅಭ್ಯಾಸವಿದ್ದವರ ದನಿಯಲ್ಲಿ ಹೇಳಿದರು: “ಇಲ್ಲ ಮಗೂ. ಇದು ಅಷ್ಟು ದೂರ ಹೋಗುವುದಿಲ್ಲ. ಚಳಿ ಹೆಚ್ಚಿದಾಗ ಗುಡ್ಡ ಬಿಟ್ಟು ಕೆಳಗೆ ಇಳಿಯುತ್ತದೆ. ಊರಿನ ನಾಲೆಯ ಬದಿಗೋ ಕಡಲ ದಡಕ್ಕೋ ಹೋಗಿ ಇರುತ್ತದೆ. ನಿಮ್ಮ ಮನೆಗೆ ಬರುವುದು ಇದರ ದಾಯಾದಿ ಇರಬೇಕು. ಅದು ಬೇರೆ ಬೆಟ್ಟದಿಂದ ಬರುತ್ತದೆ.” ಅವರ ಮಾತು ಸತ್ಯವೆಂಬುದನ್ನು ಆಮೇಲೆ ಪುಸ್ತಕಗಳಲ್ಲಿ ನೋಡಿ ತಿಳಿದೆ, ಜಾತಿ ಒಂದೇ ಆದರೂ, ನಮ್ಮ ಸಹ್ಯಾದ್ರಿಯ ಹಳ್ಳಗಳಿಗೆ ಬರುವ ಸಿಪಿಲೆಗಳು ಹಿಮಾಲಯದಿಂದಲೂ ಅದರ ಆಚೆಯ ಉತ್ತರ ದೇಶಗಳಿಂದಲೂ ಇಳಿದು ಬರುವಂತಹವು. ಆದರೆ ಆ ಬೆಳಗ್ಗೆ ನನ್ನ ಹಂಸಸಂದೇಶ ಹೀಗೆ ಮೊದಲ ಸರ್ಗದಲ್ಲಿಯೇ ಮುಗಿದುದಕ್ಕಾಗಿ ನಾನು ಸ್ವಲ್ಪ ದೂರ ಮುಖ ಊದಿಸಿಕೊಂಡೇ ನಡೆದೆನೆಂದು ಒಪ್ಪಿಕೊಳ್ಳಬೇಕು.

ಹಳ್ಳ ದಾಟಿದರೆ ಟರ್ನ್‌ಹೌಸ್ ಎಂಬ ಗುಡ್ಡದ ಏರು. ಮುಂದೆ ಕಾರ್ನೆಥಿ, ಸ್ಕಾಲ್ಡ್ ಲಾ, ಪೂರ್ವದ ಕಿಪ್, ಪಶ್ಚಿಮದ ಕಿಪ್ ಎಂದು ಒಂದರ ಬೆನ್ನಿಗೊಂದು ಇನ್ನೂ ನಾಲ್ಕು ನೆತ್ತಿಗಳು. ಎಲ್ಲಕ್ಕೂ ಎತ್ತರವಾದ ಸ್ಕಾಲ್ಡ್ ಲಾ ಕೂಡ 1900 ಅಡಿಯನ್ನು ಮುಟ್ಟುವುದಿಲ್ಲ. ಮುಳ್ಳಯ್ಯನಗಿರಿಯನ್ನು ಹತ್ತಿದವನಿಗೆ ಅದೊಂದು ದಿಣ್ಣೆ. ಆದರೆ ನಮ್ಮ ಬೆಟ್ಟಗಳು ಎಷ್ಟೇ ಬೋಳಾಗಿ ಕಂಡರೂ ಅವುಗಳ ಮಡಿಲಿನ ಪ್ರತಿಯೊಂದು ಮಡಿಕೆಯಲ್ಲಿಯೂ ಒಂದು ಶೋಲಾ ಕಾಡು ಅಡಗಿ ಕುಳಿತಿರುತ್ತದೆ. ಇಲ್ಲಿ ಅಂತಹ ಮರೆಯೇ ಇಲ್ಲ. ಮೊಣಕಾಲೆತ್ತರದ ಹೆದರ್ ಎಂಬ ಕಡ್ಡಿಗಿಡವೊಂದೇ ಗುಡ್ಡದಿಂದ ಗುಡ್ಡಕ್ಕೆ ಕರಿಕಂಬಳಿಯಂತೆ ಹಾಸಿಕೊಂಡು, ಅದರ ಅಡಿಯಲ್ಲಿ ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯಲಾರದೆ ಉಳಿದ ಸಸ್ಯಶೇಷಗಳು ಕಪ್ಪು ಜೌಗಾಗಿ ಕಾಲನ್ನು ಹಿಡಿದೆಳೆಯುವ, ಗಾಳಿಗೆ ಎಲ್ಲಿಯೂ ತಡೆಯಿಲ್ಲದ ಈ ನೆಲವನ್ನು ಇಂಗ್ಲಿಷರು ಮೂರ್ ಎಂದೂ ಸ್ಕಾಟ್‌ಲೆಂಡಿನ ಜನ ಮ್ಯೂರ್ ಎಂದೂ ಕರೆಯುವರು. ಆಗಸ್ಟ್ ತಿಂಗಳಿನಲ್ಲಿ ಆ ಗಿಡ ಹೂವಾದಾಗ ಗುಡ್ಡಕ್ಕೆ ಗುಡ್ಡವೇ ನೇರಳೆಯ ಬಣ್ಣ ತಾಳುವುದಂತೆ. ನಾವು ಹೋದಾಗ ಹೂವು ಒಣಗಿ ಕಾಚಿನ ಬಣ್ಣಕ್ಕೆ ತಿರುಗಿತ್ತು, ಅದರ ಅಂಚಿನ ಜರೀಗಿಡಗಳು ತುಕ್ಕು ಹಿಡಿದ ಕಬ್ಬಿಣದಂತಾಗಿದ್ದುವು.

ಟರ್ನ್‌ಹೌಸಿನ ಇಳಿಜಾರಿನಲ್ಲಿ ರಲ್ಲಿಯನ್ ಗ್ರೀನ್ ಎಂಬ ಬಯಲು. 1666ನೆಯ ಇಸವಿಯ ನವೆಂಬರಿನಲ್ಲಿ, ದೊರೆಯ ಆಜ್ಞೆಗಿಂತ ತಮ್ಮ ಧರ್ಮಸಭೆಯ ಒಡಂಬಡಿಕೆ ದೊಡ್ಡದೆಂದು ನಂಬಿದ ಬಡರೈತರು ರಾಜಸೈನ್ಯದ ಕೈಯಲ್ಲಿ ಅಲ್ಲಿ ಸೋತು ಸತ್ತರು. ರಾಬರ್ಟ್ ಲೂಯಿ ಸ್ಟೀವನ್‌ಸನ್ ಹದಿನಾರು ವರ್ಷದ ಹುಡುಗನಾಗಿದ್ದಾಗ ಬರೆದು ಅಚ್ಚಾದ ಮೊದಲ ಪುಸ್ತಿಕೆ ಆ ದಂಗೆಯನ್ನು ಕುರಿತದ್ದೇ. ಈ ಗುಡ್ಡಗಳ ಬುಡದ ಸ್ವಾನ್‌ಸ್ಟನ್ನಿನಲ್ಲಿ ಬೇಸಗೆಗಳನ್ನು ಕಳೆದ ಆತ ಕೊನೆಗೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ, 1894ರಲ್ಲಿ, ಮನೆಗೆ ಮರಳದೆಯೇ ತೀರಿಕೊಂಡ. ಅಲ್ಲಿಂದ ಬರೆದ ಒಂದು ಕವಿತೆಯಲ್ಲಿ ಹುತಾತ್ಮರ ಗೋರಿಗಳ ಸುತ್ತ ಕೂಗುವ ‘ವ್ಹಾಪ್’ ಹಕ್ಕಿಯನ್ನು ಆತ ನೆನೆದಿದ್ದಾನೆಂದು ವೃದ್ಧರು ಹೇಳಿದರು. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಹಕ್ಕಿಗೆ ಅವರ ನಾಡಿನ ಹೆಸರು ಅದು. ನಾವು ಟಿಟ್ಟಿಭವನ್ನು ಅದರ ಕೂಗಿನಿಂದಲೇ ಹೆಸರಿಸಿದಂತೆ ಅವರೂ ಆ ಹಕ್ಕಿಯ ದನಿಯನ್ನೇ ಹಿಡಿದು ಹೆಸರಾಗಿಸಿದ್ದಾರೆ. ನಾನು ಕಿವಿಗೊಟ್ಟು ನಿಂತೆ. ಒಂದು ಕೂಗೂ ಇಲ್ಲ. “ಈಗ ಕೇಳಿಸುವುದಿಲ್ಲ,” ಎಂದರು ಅವರು. “ಮರಿ ಮಾಡಲು ಮಾತ್ರ ಇಲ್ಲಿಗೆ ಬರುತ್ತವೆ. ಬೇಸಗೆ ಮುಗಿಯುವ ಮುಂಚೆಯೇ ಕಡಲ ಕೆಸರಿಗೆ ಇಳಿದುಬಿಟ್ಟವು.” ಕೇಳಬಂದ ಹಾಡನ್ನು ಹಾಡುವವರು ಊರಿನಲ್ಲಿಲ್ಲವೆಂದು ತಿಳಿದಾಗ ಅರಮನೆಯ ಸಭಾಂಗಣ ಹೇಗೆ ತೋರುವುದೋ ಹಾಗೆ ತೋರಿತು ಆ ಇಳಿಜಾರು.

ಆ ಮೌನವನ್ನು ಮುರಿದ ಹಕ್ಕಿಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಾರ್ನೆಥಿಯ ನೆತ್ತಿಗೆ ಇನ್ನೂ ಎರಡು ಫರ್ಲಾಂಗು ಇದೆಯೆನ್ನುವಾಗ, ನನ್ನ ಬೂಟಿನ ಬುಡದಿಂದಲೇ ಎಂಬಂತೆ, ಕೋಳಿಯ ಗಾತ್ರದ ಒಂದು ಕೆಂಗಂದು ಹಕ್ಕಿ ಪಟಪಟನೆ ಸಿಡಿದೆದ್ದು, ಹೆದರ್ ಗಿಡಗಳ ತಲೆ ಸವರುವಷ್ಟು ತಗ್ಗಿನಲ್ಲಿ ಹಾರಿ, ಐವತ್ತು ಗಜದಾಚೆಯ ದಿಬ್ಬವೊಂದರ ಮೇಲೆ ಇಳಿದು, ಕುತ್ತಿಗೆ ನಿಗುರಿಸಿ, ಕಣ್ಣಿನ ಮೇಲಣ ಕೆಂಪು ಹುಬ್ಬನ್ನು ನನ್ನತ್ತ ತಿರುಗಿಸಿ, ಗಡಸು ದನಿಯಲ್ಲಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, “ಗೋ ಬ್ಯಾಕ್! ಗೋ ಬ್ಯಾಕ್! ಗೋ ಬ್ಯಾಕ್!” ಎಂದು ಕೂಗಿತು. ನಾನು ಅಲ್ಲಿಯೇ ಕುಳಿತು ನಕ್ಕುಬಿಟ್ಟೆ. ವೃದ್ಧರಿಗೆ ನಗುವಿನ ಕಾರಣ ತಿಳಿಯಲಿಲ್ಲ. 1928ರಲ್ಲಿ ಸೈಮನ್ ಆಯೋಗ ನಮ್ಮ ದೇಶಕ್ಕೆ ಬಂದಾಗ ಊರೂರಿನಲ್ಲಿ ಕಪ್ಪು ಬಾವುಟ ಹಿಡಿದ ಜನ ಕೂಗಿದ ಘೋಷವೂ ಅದೇ ಎಂದು, ಆಗ ಮದರಾಸಿನಲ್ಲಿ ಓದುತ್ತಿದ್ದ ನನ್ನ ಸೋದರಮಾವ ಅದನ್ನು ಕೂಗಿ ಗಂಟಲು ಕಟ್ಟಿಕೊಂಡಿದ್ದನೆಂದು, ಇಪ್ಪತ್ತೇಳು ವರ್ಷಗಳ ಮೇಲೆ ಈ ಹಕ್ಕಿ ಅದರ ಸೇಡನ್ನು ಅವನ ಅಳಿಯನ ಮೇಲೆ ತೀರಿಸಿಕೊಳ್ಳುತ್ತಿದೆಯೆಂದು ವಿವರಿಸಿದ ಮೇಲೆ, ಅವರು ನನಗಿಂತಲೂ ಹೆಚ್ಚು ನಕ್ಕರು.

ಅದು ಕೆಂಪು ಗ್ರೌಸ್ ಹಕ್ಕಿ. ಆ ಗುಡ್ಡಗಳಲ್ಲಿ ‘ಹೋಗು’ ಎನ್ನುವ ಅಧಿಕಾರ ಯಾರಿಗಾದರೂ ಇದ್ದರೆ ಅದಕ್ಕೆ ಇರಬೇಕು. ಬ್ರಿಟನ್ ಮತ್ತು ಐರ್ಲೆಂಡುಗಳನ್ನು ಬಿಟ್ಟರೆ ಬೇರೆಲ್ಲಿಯೂ ಅದು ಇಲ್ಲ. ಹಿಮ ಬಿದ್ದರೂ ಗುಡ್ಡ ಬಿಟ್ಟು ವಲಸೆ ಹೋಗುವುದಿಲ್ಲ. ಕಾಲ್ಬೆರಳಿನವರೆಗೂ ಗರಿಯ ಕಾಲುಚೀಲ ತೊಟ್ಟು, ಹೆದರ್ ಗಿಡದ ಎಳೆ ಚಿಗುರನ್ನೇ ತಿಂದು ವರ್ಷವಿಡೀ ಅಲ್ಲಿಯೇ ಬಾಳುತ್ತದೆ. ಆದರೆ ಈ ಸ್ಥಿರವಾಸಿಗೆ ಎಷ್ಟು ಕಂಟಕ! ಆಗಸ್ಟ್ 12ರಂದು ಅದರ ಬೇಟೆಯ ಋತು ಆರಂಭವಾದರೆ ಡಿಸೆಂಬರ್ 10ರವರೆಗೆ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಅಲ್ಲಲ್ಲಿ ಎದೆಯೆತ್ತರದ ಹುಲ್ಲುಹೆಂಟೆಯ ಗೋಡೆಗಳು ಕಂಡುವು. ದೊಡ್ಡ ಮನುಷ್ಯರು ಅವುಗಳ ಹಿಂದೆ ನಿಂತಿರುವರಂತೆ, ಕೂಲಿಯವರು ಹಕ್ಕಿಗಳನ್ನು ಎಬ್ಬಿಸಿ ಅವರತ್ತ ಅಟ್ಟುವರಂತೆ. ಗುಡ್ಡದ ಮೈಮೇಲೆ ಪಟ್ಟೆಪಟ್ಟೆಯಾಗಿ ಸುಟ್ಟ ಗುರುತುಗಳೂ ಇದ್ದುವು. ಅಕ್ಟೋಬರಿನಿಂದ ಏಪ್ರಿಲಿನ ನಡುವೆ ಹೆದರನ್ನು ಸರದಿಯ ಮೇಲೆ ಸುಡುವುದು ಆಗ ಅಲ್ಲಿನ ಪದ್ಧತಿಯಾಗಿತ್ತು. ಸುಟ್ಟೆಡೆಯಲ್ಲಿ ಬರುವ ಚಿಗುರು ಹಕ್ಕಿಗೆ ಆಹಾರ, ಸುಡದೆ ಬಿಟ್ಟ ಹಳೆಯ ಪೊದೆ ಅದಕ್ಕೆ ಆಸರೆ. ಆದಿಯಿಂದಲೂ ಹೀಗೆಯೇ ಇದ್ದಿತೆಂದು ನಾನು ತಿಳಿದಿದ್ದ ಆ ನಿರ್ಜನ ವಿಸ್ತಾರ, ಬೆಂಕಿಯೂ ಕುರಿಯೂ ಕೋವಿಯೂ ಸೇರಿ ಮರವೇಳದಂತೆ ಕಾದುಕೊಂಡು ಬಂದಿರುವ, ನಮ್ಮ ತೋಟದಷ್ಟೇ ಮನುಷ್ಯಕೃತವಾದ ನೆಲವೆಂಬುದು ತಿಳಿದಾಗ ನನಗೆ ಅದರ ಭಯ ಅರ್ಧ ಕಡಿಮೆಯಾಯಿತು.

ಕಾರ್ನೆಥಿಗೂ ಸ್ಕಾಲ್ಡ್ ಲಾಗೂ ನಡುವಣ ತಗ್ಗನ್ನು ಒಂದು ಹಳೆಯ ಕಾಲುದಾರಿ ಅಡ್ಡಹಾಯುತ್ತದೆ. ಒಳಕಣಿವೆಯ ಕುರಿಗಾಹಿಗಳು ಭಾನುವಾರ ಪೆನಿಕುಕ್ಕಿನ ಇಗರ್ಜಿಗೆ ಹೋಗುತ್ತಿದ್ದ ದಾರಿ. ಗಾಳಿಯಿಂದ ತಪ್ಪಿಸಿಕೊಳ್ಳಲೆಂದು ನಾವು ಅದರಲ್ಲಿ ಸ್ವಲ್ಪ ಕೆಳಗಿಳಿದು, ಒಂದು ಸೀಳಿನ ಮರೆಯಲ್ಲಿ ಕುಳಿತು ಓಟ್ಸ್ ರೊಟ್ಟಿಯ ಗಂಟನ್ನು ಬಿಚ್ಚಿದೆವು. ಎದುರಿಗೆ, ಕುರಿಯ ಬಾಯಿಗೆ ಎಟುಕದ ಬಂಡೆಯ ಬಿರುಕಿನಲ್ಲಿ ಬೇರೂರಿದ ಒಂದೇ ಒಂದು ರೋವನ್ ಮರ, ಎಲೆಯೆಲ್ಲ ಉದುರಿ, ಕುಂಕುಮದ ಉಂಡೆಗಳಂತಹ ಹಣ್ಣಿನ ಗೊಂಚಲುಗಳನ್ನು ಮಾತ್ರ ಹೊತ್ತು ನಿಂತಿತ್ತು. ಮಾಟಗಾತಿಯರ ದೃಷ್ಟಿ ತಾಗದಿರಲೆಂದು ಅಲ್ಲಿನ ಜನ ಮನೆಯ ಮುಂದೆ ನೆಡುವ ಮರವದು. ಮರದ ತುಂಬ ಹಕ್ಕಿಗಳು. ವೃದ್ಧರು ದುರ್ಬೀನನ್ನು ನನ್ನ ಕೈಗೆ ಕೊಟ್ಟು, “ಎಡಗಡೆಯ ಕೆಳಕೊಂಬೆಯಲ್ಲಿ ಕಪ್ಪು ಹಕ್ಕಿ, ಎದೆಯ ಮೇಲೆ ಬಿಳಿಯ ಅರ್ಧಚಂದ್ರ ಕಾಣುತ್ತದೆಯೆ?” ಎಂದರು. ಕಂಡಿತು. ಅದು ರಿಂಗ್ ಊಜಲ್. ಬೇಸಗೆಯನ್ನು ಈ ಗುಡ್ಡಗಳಲ್ಲಿ ಕಳೆದು, ಚಳಿಗೆ ಮುಂಚೆ ಆಫ್ರಿಕಾದ ಉತ್ತರದಲ್ಲಿರುವ ಅಟ್ಲಾಸ್ ಪರ್ವತಕ್ಕೆ ಹೋಗುವ ಹಕ್ಕಿ. ಹೆಚ್ಚಿನವು ಆಗಲೇ ಹೋಗಿದ್ದುವು. ಇದು ಹಿಂದುಳಿದ ಪ್ರಯಾಣಿಕ. “ಈಗ ತುದಿಕೊಂಬೆ ನೋಡಿ.” ಅಲ್ಲಿ ಬೂದುತಲೆಯ, ಕಂದುಬೆನ್ನಿನ, ಚಕ್‌ಚಕ್ ಎಂದು ಜಗಳಾಡುತ್ತಿದ್ದ ಹತ್ತಾರು ದೊಡ್ಡ ಹಕ್ಕಿಗಳು; ಅವು ಫೀಲ್ಡ್‌ಫೇರ್, ನಾರ್ವೆ ಸ್ವೀಡನ್ನುಗಳ ಕಡೆಯಿಂದ ಸಮುದ್ರ ದಾಟಿ ಆಗಷ್ಟೇ ಬಂದಿಳಿದಂತಹವು. ಹೊರಡುವವನು ಬುತ್ತಿ ತಿನ್ನುತ್ತಿದ್ದ, ಬಂದವರು ದಣಿವಾರಿಸಿಕೊಳ್ಳುತ್ತಿದ್ದರು. ಒಂದೇ ಛತ್ರ, ಒಂದೇ ಪಂಕ್ತಿ. ಒಬ್ಬನಿಗೆ ಇರಲಸಾಧ್ಯವಾದ ಚಳಿಯ ನಾಡೆಂದು ತೋರಿದುದೇ ಇನ್ನೊಬ್ಬನಿಗೆ ಚಳಿ ಕಾಯಿಸಿಕೊಳ್ಳುವ ಒಲೆಯೆಂದು ತೋರಿತ್ತು. ಆದರೆ ಅದರ ಅರ್ಥ ನನ್ನ ಮಂದಬುದ್ಧಿಗೆ ಆಗ ಹೊಳೆಯಲಿಲ್ಲ. ರೊಟ್ಟಿ ತಿಂದು ಎದ್ದೆವು.

ಪಶ್ಚಿಮದ ಕಿಪ್ಪಿನ ಚೂಪುನೆತ್ತಿಯನ್ನು ಮುಟ್ಟಿದಾಗ ಮೂರು ಗಂಟೆ. ಉತ್ತರಕ್ಕೆ ಫೋರ್ತ್ ಕೊಲ್ಲಿ ಸೀಸದ ತಗಡಿನಂತೆ, ಅದರಾಚೆ ಫೈಫಿನ ಬೆಟ್ಟಗಳು. ನಾನು ಎರಡು ಉಣ್ಣೆಯಂಗಿ, ಅದರ ಮೇಲೆ ಕೋಟು, ಕತ್ತಿಗೆ ಎರಡು ಸುತ್ತು ಮಫ್ಲರು, ಇಷ್ಟಾದರೂ ನಡುಗುತ್ತ ಕಲ್ಲಿನ ಮರೆಗೆ ಕುಳಿತಿದ್ದೆ. ಆಗ ದೂರದಿಂದ ಒಂದು ಸದ್ದು: ಯಾರೋ ಬಹು ಮಂದಿ ಒಟ್ಟಾಗಿ, ಆದರೆ ಒಬ್ಬರನ್ನೊಬ್ಬರು ಕಾಯದೆ, ಮಾತಾಡಿಕೊಳ್ಳುತ್ತ ಬರುವಂತಹ ಸದ್ದು, ಜಾತ್ರೆಗೆ ಹೊರಟ ಗಾಡಿಸಾಲು ತಿರುವಿನಾಚೆ ಇರುವಾಗ ಮೊದಲು ಕೇಳಿಸುವ ಹಾಗೆ. ವೃದ್ಧರು ಟೋಪಿ ತೆಗೆದು ಎದ್ದು ನಿಂತರು. ವಾಯವ್ಯದಿಂದ, ಬಹಳ ಎತ್ತರದಲ್ಲಿ, ಒಂದು ಮುರಿದ ಗೆರೆ ಕಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಗೆರೆಗಳು ಬಾಣದ ಮೊನೆಗಳಾದುವು, ಮೊನೆಗಳು ಹಕ್ಕಿಗಳಾದುವು. ನಾನು ಎಣಿಸತೊಡಗಿ ಇನ್ನೂರರ ಮೇಲೆ ಲೆಕ್ಕ ತಪ್ಪಿದೆ. ಅವು ನಮ್ಮ ನೆತ್ತಿಯ ಮೇಲೆ ಹಾದಾಗ ಕೂಗಿನ ನಡುನಡುವೆ ರೆಕ್ಕೆಯ ಕಿರ್ರೆನ್ನುವ ಉಸಿರೂ ಕೇಳಿಸಿತು.

“ಗುಲಾಬಿ ಕಾಲಿನ ಹೆಬ್ಬಾತು,” ಎಂದರು ಅವರು. “ಐಸ್‌ಲ್ಯಾಂಡಿನಿಂದ. ಗ್ಲ್ಯಾಡ್‌ಹೌಸ್ ಜಲಾಶಯದ ಕಡೆಗೆ ಹೋಗುತ್ತಿವೆ.”

“ಯಾಕೆ ಬರುತ್ತವೆ?”

“ಚಳಿ ತಾಳಲಾರದೆ.”

“ಇಲ್ಲಿಗೆ?” ಎಂದೆ ನಾನು, ಮಫ್ಲರಿನೊಳಗಿಂದ.

“ಇಲ್ಲಿಗೇ. ಅವಕ್ಕೆ ಇದು ದಕ್ಷಿಣ ದೇಶ.”

ಆ ಮಾತು ಅಷ್ಟೇನೂ ಘನವಾದ ತತ್ತ್ವವಲ್ಲ. ಭೂಗೋಳದ ಪಾಠ ಕಲಿತ ಯಾವ ಹುಡುಗನೂ ಹೇಳಬಹುದಾದದ್ದು. ಆದರೆ ಒಂದು ವರ್ಷದಿಂದ, ಈ ನಾಡು ಲೋಕದ ಶೀತವೆಲ್ಲ ಬಂದು ಸೇರುವ ಕಟ್ಟಕಡೆಯ ಮೂಲೆಯೆಂದೂ, ಇದರಾಚೆ ಇನ್ನೇನೂ ಇಲ್ಲವೆಂದೂ, ಇಲ್ಲಿಗೆ ಯಾರೂ ಬೇಕೆಂದು ಬರಲಾರರೆಂದೂ ನಂಬಿ ಮರುಕಪಟ್ಟುಕೊಳ್ಳುತ್ತಿದ್ದ ನನ್ನ ತಲೆಯ ಮೇಲೆಯೇ, ನೂರಾರು ಮೈಲಿ ಕಡಲನ್ನು ಹಾರಿ ದಾಟಿ, ಬೆಚ್ಚನೆಯ ಸೀಮೆ ಬಂದಿತೆಂದು ಕೇಕೆಹಾಕುತ್ತ ಒಂದು ಜನಾಂಗವೇ ಹಾದುಹೋಗುವುದನ್ನು ಕಂಡಾಗ, ನನಗೆ ನನ್ನ ಮಫ್ಲರಿನ ವಿಷಯದಲ್ಲಿ ಸ್ವಲ್ಪ ನಾಚಿಕೆಯಾಯಿತು.

ಆ ಹಕ್ಕಿಗಳ ತೌರನ್ನು ವೃದ್ಧರು ಪುಸ್ತಕ ಓದಿ ತಿಳಿದಿದ್ದರು. ದಕ್ಷಿಣ ಧ್ರುವದಿಂದ ಮರಳುವಾಗ ಮಡಿದ ಕ್ಯಾಪ್ಟನ್ ಸ್ಕಾಟನ ಮಗ ಪೀಟರ್ ಸ್ಕಾಟ್ 1951ರಲ್ಲಿಯೂ 1953ರಲ್ಲಿಯೂ ಗೆಳೆಯರೊಡನೆ ಐಸ್‌ಲ್ಯಾಂಡಿನ ನಡುಮಧ್ಯದ ಥ್ಯೋರ್ಸಾರ್ವರ್ ಎಂಬ ನಿರ್ಜನ ಜೌಗಿಗೆ ಕುದುರೆಗಳ ಮೇಲೆ ಹೋಗಿ, ಹಳೆಯ ಗರಿ ಉದುರಿ ಹೊಸದು ಬಲಿಯುವವರೆಗೆ ಹಾರಲಾರದೆ ಇರುವ ಹೆಬ್ಬಾತುಗಳನ್ನು ಬಲೆಯೊಳಗೆ ಅಟ್ಟಿ, ಕಾಲಿಗೆ ಗುರುತಿನ ಬಳೆ ತೊಡಿಸಿ ಬಂದಿದ್ದನಂತೆ. “ಬಳೆಯ ಮೇಲೆ ವಿಳಾಸ ಬರೆದಿರುತ್ತದೆ,” ಎಂದು ಹೇಳುವಾಗ ಹಳೆಯ ಅಂಚೆಯವರ ಕಣ್ಣು ಮಿನುಗಿತು. “ನಿಮ್ಮ ಭಾಷೆಯಲ್ಲಿ ಈ ಹಕ್ಕಿಗೆ ಏನೆನ್ನುತ್ತೀರಿ?”

ಹಂಸವೆಂದೆ. ಜರ್ಮನರ ‘ಗಾನ್ಸ್’, ಲ್ಯಾಟಿನ್ನಿನ ‘ಆನ್ಸರ್’, ಇಂಗ್ಲಿಷಿನ ‘ಗೂಸ್’ ಎಲ್ಲವೂ ಆ ಶಬ್ದದ ಒಡಹುಟ್ಟುಗಳೇ ಎಂದೆ. ಅಷ್ಟರಲ್ಲಿ, ಇಂಟರ್‌ಮೀಡಿಯೆಟ್ ತರಗತಿಯ ನಮ್ಮ ಕನ್ನಡ ಪಂಡಿತರು ಹಳಗನ್ನಡದ ಪದ್ಯವೊಂದಕ್ಕೆ ಅರ್ಥ ಹೇಳುತ್ತ ಹಲಗೆಯ ಮೇಲೆ ಬರೆದಿದ್ದ ಒಂದು ತದ್ಭವ ನೆನಪಿಗೆ ಬಂದಿತು. ಹಂಸವೆಂಬುದು ನಮ್ಮ ಹಳೆಯ ಕವಿಗಳ ಬಾಯಲ್ಲಿ ‘ಅಂಚೆ’ಯಾಗುತ್ತದೆ, ಕಾಗದ ತರುವ ಇಲಾಖೆಯೂ ನಮಗೆ ಅಂಚೆಯೇ. ಇದನ್ನು ಕೇಳಿದ ಆ ವೃದ್ಧರು ಬಹಳ ಹೊತ್ತು ಏನೂ ಹೇಳದೆ, ಹಕ್ಕಿಗಳು ಮರೆಯಾದ ದಿಕ್ಕನ್ನು ನೋಡುತ್ತ ನಿಂತಿದ್ದು, ಕೊನೆಗೆ, “ಹಾಗಾದರೆ ನಲವತ್ತು ವರ್ಷ ನಾನು ಹೆಬ್ಬಾತಿನ ಉದ್ಯೋಗ ಮಾಡಿದೆ ಎನ್ನಿ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಹಿಮದಲ್ಲಿ ಹತ್ತುವುದು ಸುಲಭವಾಗುತ್ತಿತ್ತು,” ಎಂದರು.

ಉಳಿದ ದಾರಿ ಇಳಿಜಾರು. ಕೆಸರಿನ ಬಯಲನ್ನು ದಾಟಿ, ಬ್ಯಾವೆಲಾದ ಬೀಚ್ ಮರಗಳ ಸಾಲಿನ ಕೆಳಗೆ ಉದುರೆಲೆಗಳನ್ನು ತುಳಿಯುತ್ತ, ತ್ರೀಪ್‌ಮ್ಯೂರ್ ಕೆರೆಯ ಪಕ್ಕದಲ್ಲಿ ಹಾದು, ಬಾಲರ್ನೋ ಹಳ್ಳಿಗೆ ಬಂದಾಗ ದೀಪ ಹಚ್ಚಿದ್ದರು. ಬೆಳಗಿನಿಂದ ಸುಮಾರು ಹತ್ತು ಮೈಲಿ ನಡೆದಿದ್ದೆವು. ಆ ಚಳಿಗಾಲದಲ್ಲಿ, ರಾತ್ರಿ ಓದುತ್ತ ಕುಳಿತಿರುವಾಗ, ನಗರದ ಮಂಜಿನ ಮೇಲೆ ಆ ಗಾಡಿಸಾಲಿನ ಸದ್ದು ಎಷ್ಟೋ ಸಲ ಕೇಳಿಸಿತು. ಒಲೆಗೆ ಇನ್ನೊಂದು ಹಿಡಿ ಕಲ್ಲಿದ್ದಲು ಹಾಕುವ ಮುಂಚೆ ಪ್ರತಿ ಸಲವೂ ನಾನು ಕಿಟಕಿ ತೆರೆದು ನೋಡುತ್ತಿದ್ದೆ.

1957ರ ನವರಾತ್ರಿಯ ಹೊತ್ತಿಗೆ ಊರಿಗೆ ಮರಳಿದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಜಗಲಿಯಲ್ಲಿ ಕುಳಿತು ಅಜ್ಜಿಗೆ ಆ ದೇಶದ ಸಮಾಚಾರ ಹೇಳುತ್ತಿದ್ದಾಗ, ಅಂಗಳದ ತುಳಸಿಕಟ್ಟೆಯ ಬುಡದಲ್ಲಿ ಬಾಲ ಕುಣಿಸುತ್ತ ಅದು ಬಂದು ನಿಂತಿತು. ಇದೇ ಜಾತಿಯ ಹಕ್ಕಿಯನ್ನು ಅಲ್ಲಿಯೂ ಕಂಡೆನೆಂದು ಹೇಳಿದೆ. ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ಅದು ನಮ್ಮ ಮನೆಯದೇ, ಏನೋ ಕೆಲಸದ ಮೇಲೆ ಅಷ್ಟು ದೂರ ಹೋಗಿದ್ದಿತೆಂದು ಅವಳು ನಿಶ್ಚಯಿಸಿಬಿಟ್ಟಳು. ಅಲ್ಲಿಯದು ಬೇರೆ, ಇಲ್ಲಿಯದು ಬೇರೆ, ಇಲ್ಲಿಯದೂ ನಿಜವಾಗಿ ಇಲ್ಲಿಯದಲ್ಲ, ಹಿಮಾಲಯದಿಂದ ಬಂದ ಅತಿಥಿಯೆಂದು ಹೇಳಲು ಬಾಯಿ ತೆರೆದವನು, ಹಳ್ಳದ ದಂಡೆಯಲ್ಲಿ ಮುಖ ಊದಿಸಿಕೊಂಡ ಒಬ್ಬ ಹುಡುಗನನ್ನು ನೆನೆದು ಸುಮ್ಮನಾದೆ.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, ಹಕ್ಕಿಯ ಕಡೆ ನೋಡಿಯೇ ಹೇಳಿದಳು: “ಅದು ಎಲ್ಲಿಗೆ ಹೋದರೂ ವರ್ಷವರ್ಷವೂ ಬಂತು ಮಾರಾಯ. ಮೂರು ವರ್ಷ ಬಾರದೆ ಕೂತವನು ನೀನು.”